ಪುಸ್ತಕದಲ್ಲಿ ತೆರೆದಿದ್ದ ನದಿ, ದೋಣಿ ಇಳಿಸುವಾಗ ಮುಚ್ಚಿದ್ದೇಕೆ?

ಪ್ರಶ್ನೆ: ಸರ್, ನಾನು ತೀರ್ಥಹಳ್ಳಿ ಕಡೆಯವನು. ಈಗ ಅಮೆರಿಕದ ಒರೆಗಾನ್ ರಾಜ್ಯದ ಬೀವರ್ಟನ್‌ನಲ್ಲಿ ಕೆಲಸ. ಚಿಕ್ಕಂದಿನಲ್ಲಿ ತುಂಗೆಯಲ್ಲಿ ಗಾಳ ಹಾಕಿ ಬೆಳೆದವನು. ಕಳೆದ ವರ್ಷ ಆಗಸ್ಟ್ ಕೊನೆಯಲ್ಲಿ ಕೊಲಂಬಿಯಾ ನದಿಯಲ್ಲಿ ಸಾಲ್ಮನ್ ಹಿಡಿಯಲು ನಾವು ನಾಲ್ವರು ಗೆಳೆಯರು ಸೇರಿ ದೋಣಿ ಗೊತ್ತುಮಾಡಿದ್ದೆವು. ನಿಯಮಗಳ ಪುಸ್ತಕದಲ್ಲಿ ಆ ವಾರ ಚಿನೂಕ್ ಎಂಬ ಜಾತಿಯ ಸಾಲ್ಮನ್ ಹಿಡಿಯಬಹುದು ಎಂದೇ ಇತ್ತು. ಹೊರಡುವ ಎರಡು ದಿನ ಮುಂಚೆ ‘ಚಿನೂಕ್ ಇಟ್ಟುಕೊಳ್ಳುವಂತಿಲ್ಲ’ ಎಂದು ಪ್ರಕಟಣೆ ಬಂತು. ಅದೇ ನದಿಯಲ್ಲಿ ಸ್ವಲ್ಪ ಮೇಲಕ್ಕೆ ಹೋದರೆ ಹಿಡಿಯಬಹುದಂತೆ! ಅಣೆಕಟ್ಟಿನಲ್ಲಿ ಎಣಿಸುವ ಲೆಕ್ಕ ನೋಡಿದರೆ ದಿನಕ್ಕೆ ಸಾವಿರಾರು ಮೀನು ಹತ್ತುತ್ತಿದ್ದವು. ಇಷ್ಟು ಮೀನಿರುವಾಗ ಮುಚ್ಚಿದ್ದೇಕೆ? ಇನ್ನೂ ಮೇಲೆ ಮೂಲನಿವಾಸಿಗಳು ಬಲೆ ಹಾಕುತ್ತಿದ್ದರು. ಅವರಿಗೆ ನಿಯಮ ಇಲ್ಲವೇ? ಇದನ್ನೆಲ್ಲ ಓದಿ ಅರ್ಥಮಾಡಿಕೊಳ್ಳಲು ಏನಾದರೂ ದಾರಿ ಇದೆಯೇ?

ಉತ್ತರ: ನಮ್ಮ ಕರಾವಳಿಯಲ್ಲಿ ಮೀನುಗಾರಿಕೆ ನಿಷೇಧ ಎಲ್ಲರಿಗೂ ಬಾಯಿಪಾಠ. ಜೂನ್ 1ರಿಂದ ಜುಲೈ 31, ಒಟ್ಟು 61 ದಿನ, ಯಾಂತ್ರಿಕ ದೋಣಿಗಳೆಲ್ಲ ದಕ್ಕೆಯಲ್ಲಿ. ಆಗಸ್ಟ್ 1 ಬಂತೆಂದರೆ ಕಡಲಿಗೆ. ಆ ಲೆಕ್ಕವನ್ನೇ ತಲೆಯಲ್ಲಿಟ್ಟುಕೊಂಡು ಕೊಲಂಬಿಯಾದ ನಿಯಮ ಓದಲು ಕೂತರೆ ತಲೆ ಕೆಡುತ್ತದೆ. ಅಲ್ಲಿ ಋತು ಎಂದರೆ ತಾರೀಖಲ್ಲ, ಖರ್ಚಿನ ಖಾತೆ. ಖಾತೆಯಲ್ಲಿ ಹಣ ಇರುವ ತನಕ ನದಿ ತೆರೆದಿರುತ್ತದೆ, ಮುಗಿದ ದಿನ ಮುಚ್ಚುತ್ತದೆ. ಪುಸ್ತಕದಲ್ಲಿ ಅಚ್ಚಾದ ತಾರೀಖು, ಹಣ ಎಲ್ಲಿಯವರೆಗೆ ಬಂದೀತು ಎಂದು ವರ್ಷದ ಮೊದಲೇ ಮಾಡಿದ ಅಂದಾಜು ಅಷ್ಟೇ. ಪಂಚಾಂಗದಲ್ಲಿ ಮೃಗಶಿರಾ ಮಳೆ ಚೆನ್ನಾಗಿದೆ ಎಂದು ಬರೆದಿದ್ದರೂ ಸಸಿ ಕೀಳುವ ಮುಂಚೆ ನಿಮ್ಮ ಅಪ್ಪ ಆಕಾಶ ನೋಡುತ್ತಿರಲಿಲ್ಲವೇ? ಹಾಗೆ.

ಆದರೆ ಆ ಖಾತೆ ಯಾವ ಮೀನಿನದು ಎಂಬುದರಲ್ಲಿದೆ ಗುಟ್ಟು. ನೀವು ಹಿಡಿಯಲು ಹೊರಟ ಮೀನಿನದಲ್ಲ.

ಮೆಜೆಸ್ಟಿಕ್‌ನಿಂದ ಶಿವಮೊಗ್ಗಕ್ಕೆ ಹೊರಡುವ ಬಸ್ಸನ್ನು ನೆನಪಿಸಿಕೊಳ್ಳಿ. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಭದ್ರಾವತಿ ಎಲ್ಲ ಊರಿನವರೂ ಒಂದೇ ಬಸ್ಸಿನಲ್ಲಿ. ಮುಖ ನೋಡಿ ಇವರು ಇಲ್ಲಿ ಇಳಿಯುವವರು ಎಂದು ಹೇಳಲಾಗದು. ಈಗ, ತಿಪಟೂರಿನವರು ಮೂರೇ ಮಂದಿ ಉಳಿದಿದ್ದಾರೆ, ಅವರ ಕೂದಲೂ ಕೊಂಕಬಾರದು ಎಂದು ಕಾನೂನು ಬಂದಿದೆ ಎಂದಿಟ್ಟುಕೊಳ್ಳಿ. ಆಗ ಬಸ್ಸು ತಿಪಟೂರು ದಾಟುವ ತನಕ ಭದ್ರಾವತಿಯವರನ್ನೂ ಮುಟ್ಟುವಂತಿಲ್ಲ, ಅವರು ಐವತ್ತು ಮಂದಿ ಇದ್ದರೂ. ಯಾರು ಯಾರೆಂದು ಗೊತ್ತಾಗುವುದಿಲ್ಲವಲ್ಲ! ತಿಪಟೂರಿನಲ್ಲಿ ಆ ಮೂವರು ಇಳಿದ ಮೇಲೆ ಕಡೂರಿನ ದಾರಿಯಲ್ಲಿ ನಿಯಮ ಸಡಿಲ.

ಕೊಲಂಬಿಯಾ ಆ ಬಸ್ಸು. ಕೆನಡಾದಲ್ಲಿ ಹುಟ್ಟಿ ಸುಮಾರು 2,000 ಕಿಲೋಮೀಟರ್ ಹರಿದು ಆಸ್ಟೋರಿಯಾ ಪಟ್ಟಣದ ಬಳಿ ಪೆಸಿಫಿಕ್ ಸೇರುತ್ತದೆ. ಕೆಳಭಾಗದಲ್ಲಿ ಒಂದು ದಡ ಒರೆಗಾನ್, ಇನ್ನೊಂದು ದಡ ವಾಷಿಂಗ್ಟನ್ ರಾಜ್ಯ. ನೀವು ಮಲೆನಾಡಿನವರಾದ್ದರಿಂದ ಹತ್ತುಮೀನು ಎಂದರೆ ಏನೆಂದು ವಿವರಿಸಬೇಕಿಲ್ಲ. ಮುಂಗಾರಿನ ಮೊದಲ ಕೆಂಪು ನೀರಿಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆಯಿಡಲು ಏರಿ ಬರುತ್ತವಲ್ಲ, ಸಾಲ್ಮನ್ ಅದೇ ಕೆಲಸವನ್ನು ಕಡಲಿನಿಂದ ಶುರುಮಾಡಿ ನೂರಾರು ಕಿಲೋಮೀಟರ್ ಮಾಡುತ್ತದೆ. ವ್ಯತ್ಯಾಸ ಒಂದೇ. ಬಹುತೇಕ ಪ್ರತಿ ಮೀನೂ ತಾನು ಹುಟ್ಟಿದ ಉಪನದಿಗೇ ಮರಳುತ್ತದೆ. ಹಾಗಾಗಿ ಚಿನೂಕ್ ಎಂಬ ಒಂದೇ ಹೆಸರಿನಡಿ ಹತ್ತಾರು ಊರಿನ ಮೀನುಗಳಿವೆ. ಕೆಲವು ಊರುಗಳಲ್ಲಿ ಸಮೃದ್ಧಿ, ಕೆಲವು ಊರು ಬಹುತೇಕ ಖಾಲಿ. ಕೊಲಂಬಿಯಾ ಕೊಳ್ಳದ ಸಾಲ್ಮನ್ ಮತ್ತು ಸ್ಟೀಲ್‌ಹೆಡ್‌ಗಳ (ಸಾಲ್ಮನ್‌ನಂತೆಯೇ ಕಡಲಿಗೆ ಹೋಗಿ ಮರಳುವ ಟ್ರೌಟ್ ಮೀನು) 13 ಗುಂಪುಗಳು ಅಮೆರಿಕದ ಅಳಿವಿನಂಚಿನ ಜೀವಿಗಳ ಕಾಯ್ದೆಯ ಪಟ್ಟಿಯಲ್ಲಿವೆ. ಅಳಿವೆಯಿಂದ ಒಳಗೆ ಬರುವಾಗ ಇವೆಲ್ಲ ಒಂದೇ ಬಸ್ಸಿನ ಪ್ರಯಾಣಿಕರು.

ಈಗ ನಿಮ್ಮ ಆಗಸ್ಟ್ ಕಥೆಗೆ ಬರೋಣ. ಆ ತಿಂಗಳು ನದಿಗೆ ಬರುವ ಚಿನೂಕ್‌ಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಒಂದನ್ನು ಅಲ್ಲಿಯವರು ‘ಬ್ರೈಟ್’ ಎನ್ನುತ್ತಾರೆ. ನದಿಗೆ ಬಂದ ಮೇಲೂ ಬೆಳ್ಳಿಯಂತೆ ಹೊಳೆಯುವ ಮೀನು, ಬಹುಪಾಲು ತೀರಾ ಮೇಲಕ್ಕೆ, ಹ್ಯಾನ್‌ಫರ್ಡ್ ರೀಚ್ ಎಂಬ ಅಣೆಕಟ್ಟಿಲ್ಲದ ಹರಿವಿನ ಕಡೆಗೆ ಹೋಗುತ್ತದೆ. ಸಂಖ್ಯೆಗೆ ಬರವಿಲ್ಲ. 2013 ಮತ್ತು 2015ರಲ್ಲಿ ಬಾನವಿಲ್ ಅಣೆಕಟ್ಟನ್ನು ಹತ್ತಿದ ಶರತ್ಕಾಲದ ಚಿನೂಕ್ ಒಂಬತ್ತೂವರೆ ಲಕ್ಷ ದಾಟಿದ್ದವು. 2013ರ ಸೆಪ್ಟೆಂಬರ್‌ನ ಒಂದೇ ದಿನ 60 ಸಾವಿರಕ್ಕೂ ಹೆಚ್ಚು. ಇನ್ನೊಂದು ಬಗೆ ‘ಟೂಲಿ’. ಬೇಗ ಮಾಗಿ ಕಪ್ಪಾಗುತ್ತದೆ, ಮಾಂಸ ಬಿಳಿಚಿಕೊಳ್ಳುತ್ತದೆ, ತಿನ್ನುವವರಿಗೆ ಅಷ್ಟೇನೂ ಪ್ರೀತಿಯಿಲ್ಲ. ಕೆಳಭಾಗದ ಉಪನದಿಗಳಲ್ಲಿ ತಾನಾಗಿ ಹುಟ್ಟುವ ಟೂಲಿ ಕಾಯ್ದೆಯ ಪಟ್ಟಿಯಲ್ಲಿದೆ. ನೀವು ದೋಣಿ ಗೊತ್ತುಮಾಡಿದ್ದು ಬ್ರೈಟ್‌ನ ಆಸೆಗೆ, ಖರ್ಚಾಗುತ್ತಿದ್ದದ್ದು ಟೂಲಿಯ ಖಾತೆ.

ಈ ಖಾತೆ ಎಷ್ಟು ದೊಡ್ಡದು ಎಂಬುದೂ ಪ್ರತಿವರ್ಷ ಬದಲಾಗುತ್ತದೆ. ಆ ವರ್ಷ ಎಷ್ಟು ಟೂಲಿ ಬರಬಹುದು ಎಂಬ ಮುನ್ಸೂಚನೆಯ ಮೇಲೆ ನಾಲ್ಕು ಮೆಟ್ಟಿಲು ಮಾಡಿದ್ದಾರೆ. ಬರುವ ಟೂಲಿಗಳಲ್ಲಿ ಸಾಯಬಹುದಾದ ಗರಿಷ್ಠ ಪಾಲು ಶೇ. 30, 35, 38, 41. ಕಡಲಿನಲ್ಲಿ ಹಿಡಿದದ್ದು, ನದಿಯಲ್ಲಿ ಹಿಡಿದದ್ದು, ವ್ಯಾಪಾರಕ್ಕೆ ಹಿಡಿದದ್ದು, ನಿಮ್ಮಂಥವರು ಗಾಳದಲ್ಲಿ ಹಿಡಿದದ್ದು ಎಲ್ಲ ಕೂಡಿ ಆ ಮೆಟ್ಟಿಲು ದಾಟಬಾರದು. ನೀವು ದೋಣಿಗೆ ಮುಂಗಡ ಕೊಡುವ ಹೊತ್ತಿಗೆ ಕಡಲಿನ ದೋಣಿಗಳು ತಮ್ಮ ಪಾಲನ್ನು ಖರ್ಚುಮಾಡಿ ಆಗಿರುತ್ತದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ.

ಇನ್ನು, ಸ್ವಲ್ಪ ಮೇಲೆ ಹೋದರೆ ತೆರೆದಿತ್ತಂತೆ ಎಂದಿರಿ. ಆ ಗಡಿ ಬಹುಶಃ ವಾರಿಯರ್ ರಾಕ್ ಎಂಬ ಜಾಗ. ಸಾವಿ ದ್ವೀಪದ ತುದಿಯಲ್ಲಿ ಒಂದು ಪುಟ್ಟ ದೀಪಸ್ತಂಭವಿದೆ. ನಿಯಮದ ಭಾಷೆಯಲ್ಲಿ ಅದೊಂದು ಗೆರೆ. ಅಲ್ಲಿ ಏಕೆ? ನಕಾಶೆ ಬಿಡಿಸಿ ನೋಡಿ. ವಾಷಿಂಗ್ಟನ್ ಕಡೆಯಿಂದ ಕೌಲಿಟ್ಜ್ ನದಿ ಸೇರುವುದು ಅದಕ್ಕಿಂತ ಕೆಳಗೆ, ಕಲಾಮಾ ಸೇರುವುದು ಕೆಳಗೆ, ಲೂಯಿಸ್ ನದಿ ಸೇರುವುದು ಬಹುತೇಕ ಅದರ ಎದುರಿಗೇ. ಕೆಳಭಾಗದ ಟೂಲಿಗಳಲ್ಲಿ ಹೆಚ್ಚಿನವು ಅಷ್ಟರೊಳಗೆ ತಂತಮ್ಮ ಊರಿಗೆ ಇಳಿದುಹೋಗಿರುತ್ತವೆ. ಅಲ್ಲಿಂದ ಮೇಲೆ ನಿಮ್ಮ ಗಾಳಕ್ಕೆ ಬೀಳುವುದು ಬಹುಪಾಲು ಬ್ರೈಟ್. ಬಸ್ಸು ತಿಪಟೂರು ದಾಟಿತು. ನಿಯಮದ ಪುಸ್ತಕದಲ್ಲಿ ಬರುವ ‘ಬಾಯ್ 10’ (ಅಳಿವೆಯ ಬಳಿಯ ಒಂದು ತೇಲುಗುರುತು), ‘ಪಶ್ಚಿಮ ಪ್ಯೂಗೆಟ್ ದ್ವೀಪ’, ‘ಬಾನವಿಲ್ ಅಣೆಕಟ್ಟು’, ‘ಪಾಸ್ಕೋ ಹೆದ್ದಾರಿ ಸೇತುವೆ’ ಮುಂತಾದ ಗಡಿಗಳನ್ನೆಲ್ಲ ಇದೇ ಕಣ್ಣಿನಿಂದ ನೋಡಬಹುದು. ಗೆರೆ ಕಂಡಾಗಲೆಲ್ಲ, ಇಲ್ಲಿಗೆ ಯಾವ ಮೀನು ಇಳಿದುಹೋಯಿತು, ಯಾವುದು ಇನ್ನೂ ಬಸ್ಸಿನಲ್ಲಿದೆ ಎಂದು ಕೇಳಿಕೊಳ್ಳಿ. ಎಲ್ಲ ಗೆರೆಗೂ ಇದೊಂದೇ ಕಾರಣ ಎನ್ನಲಾರೆ, ಗಸ್ತಿನ ಅನುಕೂಲಕ್ಕೆ, ದೋಣಿ ದಟ್ಟಣೆಗೆ ಎಳೆದವೂ ಇವೆ. ಆದರೆ ಶುರು ಮಾಡಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ.

ಇದರ ಅತಿರೇಕದ ಉದಾಹರಣೆ ಬೇಕಿದ್ದರೆ ಸಾಕ್‌ಐ ನೋಡಿ. ಕೆಂಪು ಮಾಂಸದ, ಜೂನ್-ಜುಲೈನಲ್ಲಿ ಏರುವ ಸಾಲ್ಮನ್. 2024ರಲ್ಲಿ ಬಾನವಿಲ್‌ನಲ್ಲಿ ಏಳೂವರೆ ಲಕ್ಷ ದಾಟಿ ದಾಖಲೆಯಾಯಿತು. ಬಹುತೇಕ ಎಲ್ಲವೂ ಒಕನಾಗನ್ ಮತ್ತು ವೆನಾಚಿ ನದಿಗಳ ಕಡೆಯವು. ಅವುಗಳ ನಡುವೆ, ಸ್ನೇಕ್ ನದಿಗೆ ತಿರುಗಿ ಐಡಹೋ ರಾಜ್ಯದ ಬೆಟ್ಟಗಳಲ್ಲಿರುವ ರೆಡ್‌ಫಿಶ್ ಸರೋವರಕ್ಕೆ ಹೋಗುವ ಬೆರಳೆಣಿಕೆಯ ಸಾಕ್‌ಐಗಳಿರುತ್ತವೆ. 1991ರಲ್ಲೇ ಅವನ್ನು ಅಳಿವಿನಂಚಿನವು ಎಂದು ಘೋಷಿಸಿದರು. ಮರುವರ್ಷ, 1992ರಲ್ಲಿ, ಸುಮಾರು 1,450 ಕಿಲೋಮೀಟರ್ ಈಜಿ, ಎಂಟು ಅಣೆಕಟ್ಟು ಹತ್ತಿ ಆ ಸರೋವರಕ್ಕೆ ಮರಳಿದ್ದು ಒಂದೇ ಒಂದು ಗಂಡು ಮೀನು. ‘ಒಂಟಿ ಲ್ಯಾರಿ’ ಎಂದು ಜನ ಅದಕ್ಕೆ ಹೆಸರಿಟ್ಟರು. ಲ್ಯಾರಿಗೂ ಒಕನಾಗನ್‌ನ ಮೀನಿಗೂ ನೋಟದಲ್ಲಿ ವ್ಯತ್ಯಾಸವೇ ಇಲ್ಲ. ಲಕ್ಷಗಟ್ಟಲೆ ಮೀನು ಹೋಗುತ್ತಿದ್ದರೂ ಸಾಕ್‌ಐ ಋತುವನ್ನು ಒಮ್ಮೊಮ್ಮೆ ಥಟ್ಟನೆ ಮುಚ್ಚುವುದು ಲ್ಯಾರಿಯ ಬಳಗದ ದೆಸೆಯಿಂದ.

ವಸಂತದ ಚಿನೂಕ್‌ನದು ಇದೇ ತರ್ಕದ ಇನ್ನೊಂದು ಮುಖ. ಅಲ್ಲಿ ಊರು ಗುರುತಿಸಲಾಗದಿದ್ದರೂ ಜಾತಕ ಗುರುತಿಸಬಹುದು. ಸರಕಾರಿ ಹ್ಯಾಚರಿಗಳಲ್ಲಿ ಮರಿ ಮಾಡಿ ಬಿಡುವಾಗ ಬೆನ್ನಿನ ಹಿಂಭಾಗದಲ್ಲಿ, ಬಾಲಕ್ಕೆ ಮೊದಲು ಇರುವ ಪುಟ್ಟ ಮಾಂಸಲ ರೆಕ್ಕೆಯನ್ನು, ಅಡಿಪೋಸ್ ರೆಕ್ಕೆ ಎನ್ನುತ್ತಾರೆ, ಕತ್ತರಿಸಿರುತ್ತಾರೆ. ರೆಕ್ಕೆ ಇಲ್ಲದೆ ಅಲ್ಲಿ ಮಾಗಿದ ಕಲೆ ಇದ್ದರೆ ಹ್ಯಾಚರಿಯ ಮೀನು, ಇಟ್ಟುಕೊಳ್ಳಿ. ರೆಕ್ಕೆ ಇದ್ದರೆ ಕಾಡುಮೀನು ಎಂದೇ ಲೆಕ್ಕ, ಬಿಟ್ಟುಬಿಡಿ. ‘ಮಾಗಿದ’ ಎಂಬ ಪದ ಗಮನಿಸಿ. ಹಸಿ ಗಾಯ ಕಂಡರೆ ಅದನ್ನು ನೀವೇ ಕತ್ತರಿಸಿದಿರಿ ಎಂದು ಅಧಿಕಾರಿ ತಿಳಿಯುತ್ತಾರೆ. ತಿಳಿಯಬೇಕಾದದ್ದೂ ಹಾಗೆಯೇ.

ಹಾಗಾದರೆ ಕಾಡುಮೀನನ್ನೆಲ್ಲ ಬಿಟ್ಟೇ ಬಿಡುತ್ತೇವಲ್ಲ, ಖಾತೆ ಖರ್ಚಾಗುವುದು ಹೇಗೆ? ಎಲ್ಲರೂ ಎಡವುವುದು ಇಲ್ಲೇ. ಬಿಟ್ಟ ಮೀನೆಲ್ಲ ಬದುಕುವುದಿಲ್ಲ. ಕೊಕ್ಕೆಯ ಗಾಯ, ಎಳೆದಾಟದ ದಣಿವು, ಬಿಸಿ ನೀರು, ಇವುಗಳಿಂದ ಒಂದಷ್ಟು ಆಮೇಲೆ ಸಾಯುತ್ತವೆ. ಹಾಗಾಗಿ ಬಿಟ್ಟ ಪ್ರತಿ ನೂರರಲ್ಲಿ ಇಷ್ಟು ಸತ್ತವು ಎಂದು ಖಾತೆಗೆ ಬರೆದುಕೊಳ್ಳುತ್ತಾರೆ. ಲೆಕ್ಕ ತಿಳಿಯಲು ಒಂದು ಕಲ್ಪಿತ ಸಂಖ್ಯೆ ಹಿಡಿಯೋಣ. ನೂರಕ್ಕೆ ಹತ್ತು ಸಾಯುತ್ತವೆ ಎಂದುಕೊಳ್ಳಿ. ಒಂದು ವಾರದಲ್ಲಿ ದೋಣಿಗಳೆಲ್ಲ ಸೇರಿ 4,000 ಕಾಡುಮೀನು ಹಿಡಿದು ಬಿಟ್ಟರೆ 400 ಖರ್ಚು. ಆ ಋತುವಿಗೆ ಸಿಕ್ಕಿದ್ದೇ 900 ಆಗಿದ್ದರೆ ಎರಡು ವಾರಕ್ಕೆ ತಳ ಕಾಣುತ್ತದೆ. ಒಬ್ಬರೂ ಒಂದೂ ಕಾಡುಮೀನನ್ನು ಮನೆಗೆ ಒಯ್ಯದೆಯೇ! ಮೀನು ಚೆನ್ನಾಗಿ ಕಚ್ಚುತ್ತಿರುವಾಗಲೇ ಮುಚ್ಚಿದರು ಎಂದು ಜನ ಗೊಣಗುತ್ತಾರೆ. ಚೆನ್ನಾಗಿ ಕಚ್ಚುತ್ತಿದ್ದದ್ದೇ ಮುಚ್ಚಲು ಕಾರಣ. ವಸಂತದಲ್ಲಿ ಮೇಲ್ಭಾಗದ ಕಾಡು ಚಿನೂಕ್‌ಗಳ ಮೇಲೆ ನಮ್ಮಂಥ ಸಾಮಾನ್ಯರಿಗೆ, ಗಾಳ ಮತ್ತು ವ್ಯಾಪಾರದ ಬಲೆ ಎರಡೂ ಸೇರಿ, ಸಿಗುವ ಪಾಲು ಬಹುತೇಕ ವರ್ಷ ಶೇ. 2ರ ಆಸುಪಾಸು ಮಾತ್ರ.

ಅದರ ಮೇಲೆ ಇನ್ನೊಂದು ಬಿಗಿ ಇದೆ. ವಸಂತದಲ್ಲಿ ಮುನ್ಸೂಚನೆಯನ್ನು ಪೂರ್ತಿ ನಂಬುವುದಿಲ್ಲ, ಶೇ. 30ರಷ್ಟು ಕಡಿತ ಮಾಡಿ, ಉಳಿದದ್ದರ ಮೇಲೆ ಋತು ಗೊತ್ತುಮಾಡುತ್ತಾರೆ. ಮೀನು ನಿಜವಾಗಿ ಬಂದದ್ದು ಅಣೆಕಟ್ಟಿನಲ್ಲಿ ಕಂಡಮೇಲೆ, ಸಾಮಾನ್ಯವಾಗಿ ಮೇ ತಿಂಗಳಲ್ಲಿ, ಅಂದಾಜು ತಿದ್ದುತ್ತಾರೆ. ಏಪ್ರಿಲ್ ಆರಂಭದಲ್ಲಿ ಮುಚ್ಚಿದ ನದಿ ಮೇ ಮಧ್ಯದಲ್ಲಿ ಮತ್ತೆ ತೆರೆಯುವ ವಿಚಿತ್ರ ನೋಡಿ ಬೇಸರಿಸಬೇಡಿ. ಅದು ಸಂಬಳ ಬಂದ ಮೇಲೆ ಸಂತೆಗೆ ಹೋಗುವ ಮನೆಯ ಶಿಸ್ತು.

ಈ ಲೆಕ್ಕ ಯಾರು ಇಡುತ್ತಾರೆ? ನೀವು ದೋಣಿ ಹತ್ತಿಸುವ ಇಳಿಜಾರಿನಲ್ಲಿ ಒಬ್ಬ ಹುಡುಗನೋ ಹುಡುಗಿಯೋ ಹಲಗೆ ಹಿಡಿದು ನಿಂತು, ಎಷ್ಟು ಹೊತ್ತು ಹಿಡಿದಿರಿ, ಎಷ್ಟು ಬಿಟ್ಟಿರಿ ಎಂದು ಕೇಳುತ್ತಾರಲ್ಲ, ಅವರಿಂದ ಶುರು. ಅವರ ಕೈಯಲ್ಲಿರುವ ಕೋಲನ್ನು ಮೀನಿನ ಮೂತಿಗೆ ಹಿಡಿದರೆ ಕೆಲವಕ್ಕೆ ಕುಂಯ್ ಎನ್ನುತ್ತದೆ. ಮೂತಿಯೊಳಗೆ ಒಂದು ಮಿಲಿಮೀಟರ್ ಉದ್ದದ ತಂತಿಯ ಚೂರಿರುತ್ತದೆ, ಅದರ ಮೇಲೆ ಯಾವ ಹ್ಯಾಚರಿ, ಯಾವ ವರ್ಷ ಎಂಬ ಸಂಕೇತ. ದೋಣಿಗಳ ಸಂಖ್ಯೆಯನ್ನು ಪುಟ್ಟ ವಿಮಾನದಲ್ಲಿ ಹಾರಿ ಎಣಿಸುತ್ತಾರೆ. ಅಣೆಕಟ್ಟಿನ ಮೀನೇಣಿಯಲ್ಲಿ ಗಾಜಿನ ಕಿಟಕಿಯ ಹಿಂದೆ ಕೂತು ಒಂದೊಂದಾಗಿ ಲೆಕ್ಕ ಹಾಕುತ್ತಾರೆ. ಬಾನವಿಲ್ ಕಟ್ಟಿದ 1938ರಿಂದ ಈ ಎಣಿಕೆ ನಡೆದಿದೆ. ಇವೆಲ್ಲ ಸೇರಿ ವಾರದ ಲೆಕ್ಕವಾಗುತ್ತದೆ. ಎರಡೂ ರಾಜ್ಯದವರು ಕೂತು ನೋಡಿ, ಮುಂದಿನ ವಾರಕ್ಕೆ ಸಾಲದು ಎನಿಸಿದರೆ ಪ್ರಕಟಣೆ. ನಿಮಗೆ ಎರಡೇ ದಿನ ಮುಂಚೆ ಗೊತ್ತಾದದ್ದು ಅಸಡ್ಡೆಯಿಂದಲ್ಲ; ಅವರಿಗೂ ಗೊತ್ತಾದದ್ದು ಆಗಲೇ. ದಯವಿಟ್ಟು ಆ ಹುಡುಗರಿಗೆ ಬಿಟ್ಟ ಮೀನಿನ ನಿಜ ಸಂಖ್ಯೆ ಹೇಳಿ. ಕಡಿಮೆ ಹೇಳಿದರೆ ಋತು ಉದ್ದವಾಗುತ್ತದೆ ಎಂಬ ಜಾಣತನ ದೋಣಿಗಳಲ್ಲಿ ಓಡಾಡುತ್ತಿರುತ್ತದೆ. ಮುಂದಿನ ವರ್ಷದ ಅಂದಾಜೂ ಇದೇ ಲೆಕ್ಕದ ಮೇಲೆ ನಿಲ್ಲುತ್ತದೆ ಎಂಬುದು ಆ ಜಾಣರಿಗೆ ಹೊಳೆಯುವುದಿಲ್ಲ.

ಆಡಳಿತದ ಬಗ್ಗೆ ಚುಟುಕಾಗಿ. ಕಡಲಿನ ಪಾಲನ್ನು ಪೆಸಿಫಿಕ್ ಮೀನುಗಾರಿಕಾ ಮಂಡಳಿ ಏಪ್ರಿಲ್‌ನಲ್ಲಿ ತೀರ್ಮಾನಿಸುತ್ತದೆ. ನದಿಯಲ್ಲಿ ವ್ಯಾಪಾರದ ಮೀನುಗಾರಿಕೆ 1918ರ ಕೊಲಂಬಿಯಾ ಒಪ್ಪಂದದ ಪ್ರಕಾರ ಒರೆಗಾನ್ ಮತ್ತು ವಾಷಿಂಗ್ಟನ್ ಸೇರಿ ನಡೆಸುವುದು. ಗಾಳದ ಋತುವನ್ನೂ ಅದೇ ಎರಡು ರಾಜ್ಯಗಳು ಜೊತೆಗೂಡಿ ಇಡುತ್ತವೆ. ಇಷ್ಟು ಸಾಕು.

ಮೂಲನಿವಾಸಿಗಳ ಬಲೆಯ ಬಗ್ಗೆ ಕೇಳಿದಿರಿ. ಇದಕ್ಕೆ ಅವಸರದ ಉತ್ತರ ಕೊಡಲಾರೆ. ನಮ್ಮವರ ಕೂಟಗಳಲ್ಲೂ ‘ಅವರಿಗೆ ಮೀಸಲಾತಿ’ ಎಂಬ ಮಾತು ಸಲೀಸಾಗಿ ಬರುವುದನ್ನು ಕೇಳಿದ್ದೇನೆ. ಅದು ತಪ್ಪು. 1855ರಲ್ಲಿ ಯಾಕಮಾ, ಉಮಟಿಲ್ಲಾ, ವಾರ್ಮ್ ಸ್ಪ್ರಿಂಗ್ಸ್, ನೆಜ್ ಪರ್ಸ್ ಜನ ಅಮೆರಿಕದ ಸರಕಾರಕ್ಕೆ ಲಕ್ಷಾಂತರ ಎಕರೆ ನೆಲ ಬಿಟ್ಟುಕೊಡುವಾಗ, ತಾವು ರೂಢಿಯಿಂದ ಮೀನು ಹಿಡಿಯುತ್ತಿದ್ದ ಜಾಗಗಳಲ್ಲಿ ಹಿಡಿಯುವ ಹಕ್ಕನ್ನು ಬಿಟ್ಟುಕೊಡಲಿಲ್ಲ. ಅದನ್ನು ತಮ್ಮ ಬಳಿಯೇ ಉಳಿಸಿಕೊಂಡರು. 1905ರಲ್ಲಿ ಸುಪ್ರೀಂ ಕೋರ್ಟ್ ವೈನಾನ್ಸ್ ಮೊಕದ್ದಮೆಯಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿತು. ಆ ಒಪ್ಪಂದ ಅವರಿಗೆ ಹಕ್ಕು ಕೊಟ್ಟದ್ದಲ್ಲ, ಅವರು ಇತರರಿಗೆ ಕೊಟ್ಟದ್ದು. ಕೊಡದೆ ಉಳಿದದ್ದು ಅವರದೇ. ಹೊಲ ಮಾರಿದವನು ಬಾವಿಯ ನೀರಿನ ಹಕ್ಕು ಪತ್ರದಲ್ಲೇ ಬರೆಸಿಕೊಂಡರೆ ಅದನ್ನು ಯಾರೂ ದಾನ ಎನ್ನುವುದಿಲ್ಲವಷ್ಟೆ. ಆದರೂ ದಶಕಗಳ ಕಾಲ ರಾಜ್ಯಗಳು ಅವರನ್ನು ಬಂಧಿಸಿದವು, ಬಲೆ ಕಿತ್ತುಕೊಂಡವು. 1969ರಲ್ಲಿ ನ್ಯಾಯಾಧೀಶ ಬೆಲ್ಲೋನಿ ಅವರಿಗೆ ನ್ಯಾಯವಾದ ಪಾಲು ಸಲ್ಲಬೇಕೆಂದರು. 1974ರಲ್ಲಿ ವಾಷಿಂಗ್ಟನ್‌ನ ಇನ್ನೊಂದು ಮೊಕದ್ದಮೆಯಲ್ಲಿ ನ್ಯಾಯಾಧೀಶ ಬೋಲ್ಟ್ ಪಾಲನ್ನು ಅರ್ಧ ಎಂದು ನಿಗದಿಮಾಡಿದರು.

ಬಾನವಿಲ್‌ನಿಂದ ಮ್ಯಾಕ್‌ನೇರಿ ಅಣೆಕಟ್ಟಿನ ತನಕ ಸುಮಾರು 235 ಕಿಲೋಮೀಟರ್ ನೀರಿನಲ್ಲಿ ವ್ಯಾಪಾರಕ್ಕೆ ಬಲೆ ಹಾಕುವ ಹಕ್ಕು ಆ ನಾಲ್ಕು ಸಮುದಾಯಗಳಿಗೆ ಮಾತ್ರ. ನೀವು ಕಂಡ ಬಲೆ ಅದೇ. ಅವರಿಗೂ ಋತು ಇದೆ, ಮಿತಿ ಇದೆ, ಕಾಡುಮೀನಿನ ಖಾತೆ ಇದೆ, ಅವರದೇ ಗಸ್ತು ಇದೆ. ಖಾತೆ ಬೇರೆ, ಅಷ್ಟೇ. ಆ ನೀರಿನಲ್ಲಿ ಸಿಲೈಲೋ ಎಂಬ ಜಲಪಾತವಿತ್ತು. ಸಾವಿರಾರು ವರ್ಷ ಅವರ ಪೂರ್ವಿಕರು ಮರದ ಅಟ್ಟದ ಮೇಲೆ ನಿಂತು ಹಿಡಿಬಲೆಯಲ್ಲಿ ಸಾಲ್ಮನ್ ಎತ್ತುತ್ತಿದ್ದ ಜಾಗ. 1957ರ ಮಾರ್ಚ್ 10ರಂದು ಡ್ಯಾಲಸ್ ಅಣೆಕಟ್ಟಿನ ಬಾಗಿಲು ಹಾಕಿದರು, ಕೆಲವೇ ಗಂಟೆಗಳಲ್ಲಿ ಅದು ಮುಳುಗಿತು. ಮುಳುಗಡೆಯ ಸಂಕಟವನ್ನು ಶರಾವತಿ ಕಡೆಯ ಯಾರಾದರೂ ನಿಮಗೆ ನನಗಿಂತ ಚೆನ್ನಾಗಿ ಹೇಳಬಲ್ಲರು.

ಈಗ ಓದುವ ಬಗೆ. ಬಹಳ ಮಂದಿ ಪುಸ್ತಕವನ್ನು ತಾರೀಖಿನಿಂದ ಓದಲು ಶುರುಮಾಡುತ್ತಾರೆ. ನೀವು ನೀರಿನಿಂದ ಶುರುಮಾಡಿ. ನಿಮ್ಮ ದೋಣಿ ಯಾವ ಎರಡು ಗೆರೆಗಳ ನಡುವೆ ಇರುತ್ತದೆ? ಅದು ಗೊತ್ತಾಗದೆ ಮುಂದಿನದೇನೂ ಉಪಯೋಗವಿಲ್ಲ. ಆಮೇಲೆ ಕಾಲ. ಜೂನ್ 15ರ ತನಕ ವಸಂತ, ಜೂನ್ 16ರಿಂದ ಜುಲೈ 31 ಬೇಸಿಗೆ, ಆಗಸ್ಟ್ 1ರಿಂದ ಶರತ್ಕಾಲ ಎಂದು ಅಲ್ಲಿಯ ಲೆಕ್ಕ. ಅದರೊಳಗೆ ನಿಮ್ಮ ದಿನ. ಅದಾದ ಮೇಲೆ ಮೀನು, ಅದರ ಗುರುತು. ‘ಸಾಲ್ಮನ್‌ಗೆ ತೆರೆದಿದೆ’ ಎಂದರೆ ಎಲ್ಲ ಸಾಲ್ಮನ್ ಇಟ್ಟುಕೊಳ್ಳಬಹುದು ಎಂದಲ್ಲ. ಚಿನೂಕ್ ಮುಚ್ಚಿ ಕೋಹೋ ತೆರೆದಿರಬಹುದು. ಅದೇ ನೀರಿನಲ್ಲಿ ಒಂದು ವಾರ ರೆಕ್ಕೆ ಕತ್ತರಿಸಿದ ಚಿನೂಕ್ ಮಾತ್ರ, ಇನ್ನೊಂದು ವಾರ ಯಾವುದಾದರೂ ಸರಿ ಎಂದಿರಬಹುದು. ಚಮ್ ಎಂಬ ಜಾತಿಯನ್ನು ಕೊಲಂಬಿಯಾದಲ್ಲಿ ಇಟ್ಟುಕೊಳ್ಳುವಂತೆಯೇ ಇಲ್ಲ, ಹಾಗಾಗಿ ಅದನ್ನು ಕೋಹೋದಿಂದ ಬೇರೆಮಾಡಲು ಕಲಿತೇ ದೋಣಿ ಹತ್ತಿ. 24 ಅಂಗುಲಕ್ಕಿಂತ ಚಿಕ್ಕ ಚಿನೂಕ್‌ಗೆ ‘ಜ್ಯಾಕ್’ ಎಂದು ಹೆಸರು. ಬೇಗ ಮಾಗಿ ಮರಳಿದ ಪೋರ. ಅದಕ್ಕೆ ಮಿತಿ ಬೇರೆ, ಕೆಲವು ನೀರಿನಲ್ಲಿ ಅದು ಸಲ್ಲುವುದೇ ಇಲ್ಲ. ತೆರೆದಿದೆ ಎಂದು ಬರೆದಿಲ್ಲದಿದ್ದರೆ ಮುಚ್ಚಿದೆ ಎಂದೇ ಓದಿ.

ಇದಿಷ್ಟು ಪುಸ್ತಕದಿಂದ. ಹೊರಡುವ ಹಿಂದಿನ ರಾತ್ರಿ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ಜಾಲತಾಣದಲ್ಲಿ ಋತುಮಧ್ಯದ ಬದಲಾವಣೆಯ ಪುಟ ನೋಡಿ. ಒರೆಗಾನ್‌ನಲ್ಲಿ ಅದು ಕೊಲಂಬಿಯಾ ವಲಯದ ಹೆಸರಿನಲ್ಲಿದೆ. ವಾಷಿಂಗ್ಟನ್‌ನಲ್ಲಿ ತುರ್ತು ನಿಯಮ ಎಂದು ಪ್ರಕಟಿಸುತ್ತಾರೆ. ಪುಸ್ತಕಕ್ಕೂ ಅದಕ್ಕೂ ತಾಳೆಯಾಗದಿದ್ದರೆ ಅದರದೇ ಮಾತು ಅಂತಿಮ. ಕೊಕ್ಕೆಗೆ ಒಳಮುಳ್ಳು ಇರಬಹುದೇ ಎಂಬ ನಿಯಮವೂ ಆ ನದಿಯಲ್ಲಿ ಹಿಂದೆ ಬದಲಾಗಿದೆ, ಅದನ್ನೂ ಅಲ್ಲೇ ನೋಡಿಕೊಳ್ಳಿ. ಬಿಸಿಲು ಜೋರಿರುವ ವರ್ಷ ನೀರಿನ ಶಾಖದ ನಿಯಮವೂ ಸೇರುತ್ತದೆ. ಡೆಶೂಟ್ಸ್ ನದಿಯ ಬಾಯಿ, ಹರ್ಮನ್ ಕ್ರೀಕ್, ಈಗಲ್ ಕ್ರೀಕ್ ಈ ಜಾಗಗಳಲ್ಲಿ ತಣ್ಣನೆಯ ನೀರಿಗೆ ಸ್ಟೀಲ್‌ಹೆಡ್‌ಗಳು ಬಂದು ದಣಿವಾರಿಸಿಕೊಳ್ಳುತ್ತವೆ. 2020ರಿಂದ ಒರೆಗಾನ್ ಅಲ್ಲಿ ಬೇಸಿಗೆಯ ನಡುವೆ ಗಾಳವನ್ನೇ ನಿಲ್ಲಿಸಿದೆ.

ಪರವಾನಗಿಯದು ಹೆಚ್ಚು ತೊಡಕಿಲ್ಲ. ಗಡಿಯಾಗಿರುವ ಮುಖ್ಯ ನದಿಯಲ್ಲಿ ದೋಣಿಯಿಂದ ಹಿಡಿಯುವುದಾದರೆ ಒರೆಗಾನ್‌ನದಾದರೂ ವಾಷಿಂಗ್ಟನ್‌ನದಾದರೂ ನಡೆಯುತ್ತದೆ. ಎದುರು ದಡಕ್ಕೆ ಹೋಗಿ ನೆಲದ ಮೇಲೆ ನಿಂತು ಗಾಳ ಹಾಕಿದಿರೋ, ಉಪನದಿಯ ಒಳಗೆ ದೋಣಿ ತಿರುಗಿಸಿದಿರೋ, ಅಲ್ಲಿ ಆ ರಾಜ್ಯದ್ದೇ ಬೇಕು. ಎರಡೂ ಪರವಾನಗಿ ಇದೆಯೆಂದು ಎರಡು ಪಾಲು ಹಿಡಿಯುವಂತಿಲ್ಲ. ಇಟ್ಟುಕೊಂಡ ಮೀನನ್ನು ಕೂಡಲೇ ಚೀಟಿಯಲ್ಲೋ ಫೋನಿನಲ್ಲೋ ದಾಖಲಿಸಬೇಕು. ದಡಕ್ಕೆ ಬಂದು ಬರೆದರಾಯಿತು ಎಂಬುದಿಲ್ಲ.

ಇಷ್ಟೆಲ್ಲ ಹೇಳುವ ನಾನೂ ಒಮ್ಮೆ ತಲೆ ತಗ್ಗಿಸಿದ್ದೇನೆ. ಮಂಗಳೂರಿನಿಂದ ಬಂದ ನನ್ನ ಭಾವಮೈದುನನ ಗಾಳಕ್ಕೆ ಬಾಳೆದಿಂಡಿನಂಥ ಚಿನೂಕ್ ಬಿತ್ತು. ರೆಕ್ಕೆ ಇತ್ತು, ಬಿಡಬೇಕು, ಅದು ನಮಗೆ ಗೊತ್ತಿತ್ತು. ‘ಭಾವ, ಒಂದು ಫೋಟೋ’ ಎಂದ. ನಾನೇ ಬಲೆಯಿಂದ ಎತ್ತಿ ಅವನ ಕೈಗೆ ಕೊಟ್ಟೆ. ಫೋಟೋ ತೆಗೆದು ಮೀನನ್ನು ನೀರಿಗೆ ಬಿಡುವಷ್ಟರಲ್ಲಿ ಗಸ್ತಿನ ದೋಣಿ ಪಕ್ಕದಲ್ಲಿತ್ತು. ಬಿಡಬೇಕಾದ ಮೀನನ್ನು ನೀರಿನಿಂದ ಹೊರಗೆ ಎತ್ತುವುದೇ ಅಪರಾಧ. ಬಿಟ್ಟೆವಲ್ಲ ಎಂಬ ಸಮಜಾಯಿಷಿ ನಡೆಯಲಿಲ್ಲ. ದಂಡ ಕಟ್ಟಿದ್ದು ನಾನು, ಫೋಟೋ ಈಗಲೂ ಅವನ ಮನೆಯ ಗೋಡೆಯ ಮೇಲಿದೆ. ಬಿಡುವ ಮೀನನ್ನು ದೋಣಿಯ ಪಕ್ಕ ನೀರಿನಲ್ಲೇ ಇಟ್ಟು ಕೊಕ್ಕೆ ಬಿಡಿಸಿ. ಫೋಟೋ ಬೇಕಿದ್ದರೆ ನೀವು ಬಗ್ಗಿ, ಮೀನನ್ನು ಎತ್ತಬೇಡಿ.

ಮುಂದಿನ ವರ್ಷಕ್ಕೆ ನನ್ನ ಸಲಹೆ ಕೇಳಿದರೆ, ಆಗಸ್ಟ್ ಕೊನೆಗೆ ಅಳಿವೆಯ ಕಡೆ ದೋಣಿ ಗೊತ್ತುಮಾಡುವ ಬದಲು ಸೆಪ್ಟೆಂಬರ್ ಎರಡನೆಯ ವಾರ ವಾರಿಯರ್ ರಾಕ್‌ನಿಂದ ಮೇಲಿನ ನೀರನ್ನು ನೋಡಿ. ಬ್ರೈಟ್‌ಗಳು ಏರುವ ಕಾಲ, ಟೂಲಿಯ ಕಾಟ ಕಡಿಮೆ. ಮುಂಗಡ ಕೊಡುವಾಗಲೇ, ಋತು ಮುಚ್ಚಿದರೆ ದಿನ ಬದಲಿಸಿಕೊಡುತ್ತೀರಾ, ಹಣ ವಾಪಸೇ ಎಂದು ಬರವಣಿಗೆಯಲ್ಲಿ ಕೇಳಿ. ಪಳಗಿದ ದೋಣಿಯವರು ಈ ಪ್ರಶ್ನೆಗೆ ಮುಖ ಸಿಂಡರಿಸುವುದಿಲ್ಲ. ಅಷ್ಟರ ಮೇಲೂ ಬರಿಗೈಯಲ್ಲಿ ಮರಳುವಂತಾದರೆ ಪೋರ್ಟ್‌ಲೆಂಡ್‌ನಿಂದ ಮುಕ್ಕಾಲು ಗಂಟೆಯ ದಾರಿಯಲ್ಲಿ ಕ್ಯಾಸ್ಕೇಡ್ ಲಾಕ್ಸ್ ಊರಿದೆ. ಅಲ್ಲಿ ದೊಡ್ಡ ಸೇತುವೆಯ ಬುಡದಲ್ಲಿ, ಋತು ಇದ್ದಾಗ, ಆ ಮೂಲನಿವಾಸಿ ಸಮುದಾಯಗಳ ಮೀನುಗಾರರು ಅಂದು ಬೆಳಿಗ್ಗೆ ಹಿಡಿದ ಸಾಲ್ಮನ್ ಮಾರುತ್ತಿರುತ್ತಾರೆ. ಮಂಜುಗಡ್ಡೆ ತುಂಬಿದ ಪೆಟ್ಟಿಗೆ ಒಯ್ಯಿರಿ, ನಗದು ಇಟ್ಟುಕೊಳ್ಳಿ, ರಸೀದಿ ಕೇಳಿ ಪಡೆಯಿರಿ. ತಲೆಯನ್ನು ಎಸೆಯಬೇಡಿ, ಹುಣಸೆಹುಳಿ ಹಾಕಿ ಸಾರು ಮಾಡಿದರೆ ತುಂಬ ಚೆನ್ನಾಗಿರುತ್ತದೆ.